ಹತ್ತು ಪಂದ್ಯ ಗೆದ್ದರೂ ಬೈಸಿಕೊಂಡ ತಂಡ

ತಂಡ ಪ್ರತಿ ಪಂದ್ಯಕ್ಕೆ ಸರಾಸರಿ 25 ಅಂಕ ಗಳಿಸಬೇಕು, ಕನಿಷ್ಠ 7 ಪಂದ್ಯ ಗೆಲ್ಲಬೇಕು. ಆಗ ಮಾತ್ರ ನಿಮ್ಮ ಕೆಲಸ ಮುಂದುವರಿಯುತ್ತದೆ. ಒಬ್ಬ ಕೋಚ್‌ನ ಕರಾರುಪತ್ರದಲ್ಲಿ ಹೀಗೆ ಬರೆದಿದ್ದರು. 2023ರ ಫೆಬ್ರವರಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯ. ಸಂಬಳವನ್ನೂ 9 ಲಕ್ಷ ಡಾಲರ್‌ನಿಂದ 8.5 ಲಕ್ಷಕ್ಕೆ ಇಳಿಸಿದರು. ಕೋಚ್ ಹೆಸರು ಬ್ರಯಾನ್ ಫೆರೆಂಟ್ಜ್. ತಂಡದ ಮುಖ್ಯ ಕೋಚ್ ಹೆಸರು ಕರ್ಕ್ ಫೆರೆಂಟ್ಜ್. ಹೌದು, ಅಪ್ಪ ಮತ್ತು ಮಗ.

ಹಾವೇರಿ ಜಿಲ್ಲೆಯಲ್ಲಿ ಕೂತವರಿಗೆ ಇದೆಲ್ಲ ಯಾಕೆ ಅಂತ ನೀವು ಕೇಳುತ್ತೀರಿ. ನಮಗೆ ಇದು ಗೋವಿನಜೋಳದಿಂದ ಅಂಟಿಕೊಂಡದ್ದು. ನಾವು ಮೂವರು ಬೇರೆ ಬೇರೆ ಪತ್ರಿಕೆಗೆ ಬರೆಯುವವರು, ಕೂರುವುದು ಒಂದೇ ರೂಮಿನಲ್ಲಿ, ನೆಟ್ ಬಿಲ್ಲು ಮೂರು ಪಾಲು. ಜೋಳದ ರೇಟು ಬಿದ್ದಾಗಲೆಲ್ಲ ದಲಾಲಿ ಅಂಗಡಿಯಲ್ಲಿ ಒಂದೇ ಉತ್ತರ: "ಶಿಕಾಗೋದಾಗ ಬಿದ್ದೈತ್ರಿ, ನಾವೇನ್ ಮಾಡೂನು?" ನಿಜವೋ ಸುಳ್ಳೋ ನೋಡೋಣ ಅಂತ ಅಲ್ಲಿಯ ರೇಟು ಹುಡುಕತೊಡಗಿದೆವು. ಅವರ ಲೆಕ್ಕ ಬುಶೆಲ್‌ನಲ್ಲಿ; ಒಂದು ಬುಶೆಲ್ ಜೋಳ ಅಂದರೆ ಸುಮಾರು 25 ಕಿಲೋ. ಅಮೆರಿಕದಲ್ಲಿ ಅತಿ ಹೆಚ್ಚು ಗೋವಿನಜೋಳ ಬೆಳೆಯುವ ರಾಜ್ಯ ಅಯೋವಾ. ಜನರಿಗಿಂತ ಹಂದಿಗಳೇ ಹಲವು ಪಟ್ಟು ಹೆಚ್ಚಿರುವ ಊರುಗಳ ರಾಜ್ಯ. ಅಲ್ಲಿಯ ಸ್ಥಳೀಯ ಪತ್ರಿಕೆಗಳನ್ನು ಓದುತ್ತ ಹೋದಂತೆ ಜೋಳದ ಸುದ್ದಿಯ ಪಕ್ಕದಲ್ಲೇ ಫುಟ್‌ಬಾಲ್ ಸುದ್ದಿ, ಮತ್ತು ಅದರ ತುಂಬ ಸಿಟ್ಟು. ನಮ್ಮ ಚಹಾದ ಅಂಗಡಿಯಲ್ಲಿ ಕೇಳಿಸುವಂಥದೇ ಸಿಟ್ಟು.

ಇನ್ನೊಂದು ಕಾರಣವೂ ಉಂಟು. ಆ ತಂಡದ ಆಟಗಾರರ ಹೆಲ್ಮೆಟ್ ಮೇಲೆ ಎ.ಎನ್.ಎಫ್. ಅನ್ನುವ ಮೂರು ಅಕ್ಷರಗಳಿರುತ್ತವೆ. ಅಮೆರಿಕಕ್ಕೆ ರೈತರು ಬೇಕು ಅಂತ ಅರ್ಥ. 1980ರ ದಶಕದಲ್ಲಿ ಅಲ್ಲಿ ರೈತರು ಸಾಲದಲ್ಲಿ ಮುಳುಗಿ ಹೊಲಗಳು ಹರಾಜಾಗುತ್ತಿದ್ದ ಕಾಲ. 1985ರಲ್ಲಿ ಆಗಿನ ಕೋಚ್ ಹೇಡನ್ ಫ್ರೈ ಆ ಅಕ್ಷರಗಳನ್ನು ಹೆಲ್ಮೆಟ್‌ಗೆ ಅಂಟಿಸಿದರು, ಇವತ್ತಿಗೂ ತೆಗೆದಿಲ್ಲ. ರೈತರ ಹೆಸರು ತಲೆ ಮೇಲೆ ಹೊತ್ತು ಆಡುವ ಇನ್ನೊಂದು ತಂಡ ನಮಗಂತೂ ಗೊತ್ತಿಲ್ಲ. ಅಲ್ಲಿಂದ ಅದು ನಮ್ಮ ತಂಡವೂ ಆಯಿತು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ನಾವು ಫುಟ್‌ಬಾಲ್ ಅನ್ನುವ ಆಟವಲ್ಲ. ಚೆಂಡು ಎರಡೂ ತುದಿಗೆ ಚೂಪು; ಅದನ್ನು ಹಿಡಿದುಕೊಂಡು ಓಡುವುದು, ಇಲ್ಲವೇ ಎಸೆಯುವುದು. ಒಂದೊಂದು ಕಡೆ 11 ಜನ. ಚೆಂಡು ಸಿಕ್ಕವರಿಗೆ ನಾಲ್ಕು ಸರದಿ, ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಮೂರರಲ್ಲಿ ಆಗಲಿಲ್ಲವೆಂದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ಕಾಲಿನಿಂದ ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಅದಕ್ಕೆ ಪಂಟ್ ಅನ್ನುತ್ತಾರೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ 3. ಚೆಂಡು ಹಿಡಿದ ಎದುರಾಳಿಯನ್ನು ಅವನದೇ ಗೆರೆಯ ಹಿಂದೆ ಕೆಡವಿದರೆ ಸೇಫ್ಟಿ, 2 ಅಂಕ. ನುಗ್ಗುವ ಹುಡುಗರು ಬೇರೆ, ತಡೆಯುವ ಹುಡುಗರು ಬೇರೆ. ಮೊದಲಿನವರು ಅಫೆನ್ಸ್, ಎರಡನೆಯವರು ಡಿಫೆನ್ಸ್. ಕಬಡ್ಡಿಯಲ್ಲಿ ರೈಡರ್ ಗೆರೆ ದಾಟಿದ ಮೇಲೆ ಅವನ ಬುದ್ಧಿ ಅವನದು. ಇಲ್ಲಿ ಹಾಗಲ್ಲ. ಪ್ರತಿ ಸರದಿಗೂ ಮುಂಚೆ ಓಡಬೇಕೋ ಎಸೆಯಬೇಕೋ, ಯಾರು ಎತ್ತ ಹೋಗಬೇಕು ಅಂತ ಹೊರಗಿನಿಂದ ಕೋಚ್ ಹೇಳಿ ಕಳಿಸುತ್ತಾನೆ. ಅಯೋವಾದಲ್ಲಿ 2017ರಿಂದ ಅಫೆನ್ಸ್‌ಗೆ ಹಾಗೆ ಹೇಳಿ ಕಳಿಸುತ್ತಿದ್ದವರು ಬ್ರಯಾನ್.

ಅಭಿಮಾನಿಗಳ ದೂರು ಏನು? ಒಂದನೇ ಸರದಿಗೆ ನಡುವೆ ನುಗ್ಗು, ಎರಡು ಗಜ. ಎರಡನೆಯದಕ್ಕೂ ನಡುವೆ ನುಗ್ಗು, ಒಂದು ಗಜ. ಮೂರನೆಯದಕ್ಕೆ ಏಳು ಗಜ ಬೇಕಿದ್ದಾಗ ಮೂರು ಗಜ ದೂರಕ್ಕೆ ಎಸೆ. ಆಮೇಲೆ ಪಂಟ್. ಮನೆಯಲ್ಲಿ ಟಿ.ವಿ. ಮುಂದೆ ಕೂತ ಅಜ್ಜಿಗೂ ಮುಂದಿನ ಆಟ ಗೊತ್ತಾಗುತ್ತದೆ ಅಂದ ಮೇಲೆ ಎದುರಾಳಿ ಡಿಫೆನ್ಸ್‌ಗೆ ಗೊತ್ತಾಗುವುದಿಲ್ಲವೇ?

2022ರ ಸೆಪ್ಟೆಂಬರ್‌ನ ಮೊದಲ ಪಂದ್ಯವನ್ನೇ ನೋಡಿ. ಸೌತ್ ಡಕೋಟಾ ಸ್ಟೇಟ್ ವಿರುದ್ಧ ಅಯೋವಾ 7-3ರಿಂದ ಗೆದ್ದಿತು. 7 ಅಂದ ಕೂಡಲೇ ಒಂದು ಟಚ್‌ಡೌನ್, ಅದರ ಮೇಲೊಂದು ಅಂಕ ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ. ಒಂದು ಒದೆತದ 3, ಎರಡು ಸೇಫ್ಟಿಯ 4. ಇಡೀ ದಿನ ಒಂದೂ ಟಚ್‌ಡೌನ್ ಇಲ್ಲ. ಪಂಟ್ ಮಾಡುವ ಹುಡುಗ ಟೋರಿ ಟೇಲರ್ ಎದುರಾಳಿಯನ್ನು ಮತ್ತೆ ಮತ್ತೆ ಮೂಲೆಗೆ ಒದ್ದ, ಡಿಫೆನ್ಸ್ ಹುಡುಗರು ಅಲ್ಲೇ ಕೆಡವಿದರು. ಆ ವರ್ಷ ತಂಡದ ಸರಾಸರಿ 17.7 ಅಂಕ.

ಇದು ಮೂರ್ಖತನ ಅಂತ ನಾವು ಹೇಳುವುದಿಲ್ಲ. ಕರ್ಕ್ ಫೆರೆಂಟ್ಜ್ 1999ರಿಂದ ಆ ತಂಡ ನಡೆಸುತ್ತಿರುವವರು. ಅವರ ಲೆಕ್ಕ ಸರಳ: ನಾವು ತಪ್ಪು ಮಾಡುವುದು ಬೇಡ, ಎದುರಾಳಿಯನ್ನು ಅವನ ಗೆರೆಗೆ ಒತ್ತಿ ಇಡೋಣ, ಅವನೇ ತಪ್ಪು ಮಾಡುತ್ತಾನೆ. ಮಳೆ ನೆಚ್ಚಿದ ಹೊಲದಲ್ಲಿ ದುಡ್ಡು ಸುರಿಯದೆ ಇದ್ದುದರಲ್ಲಿ ದಾಟಿಸುವ ಹಿರಿಯರ ಲೆಕ್ಕ ಇದು. ಪಂದ್ಯಗಳನ್ನು ಗೆಲ್ಲಿಸಿಯೂ ಇತ್ತು. ಆದರೆ ಆ ಲೆಕ್ಕದಲ್ಲಿ ದುಡಿತವೆಲ್ಲ ಒಂದೇ ಕಡೆಯವರದು. ಅಫೆನ್ಸ್ ಮೂರು ಸರದಿಯಲ್ಲಿ ಕೆಲಸ ಮುಗಿಸಿ ಬೆಂಚಿಗೆ ಬಂದರೆ, ಡಿಫೆನ್ಸ್ ಹುಡುಗರು ನೀರು ಕುಡಿದು ಮುಗಿಸುವ ಮೊದಲೇ ಮತ್ತೆ ಎದ್ದು ಓಡಬೇಕು.

ಅಪ್ಪ-ಮಗನ ವ್ಯವಸ್ಥೆಯೂ ಹೇಳಬೇಕಾದದ್ದೇ. ಸಂಬಂಧಿಕರ ಕೈಕೆಳಗೆ ಸಂಬಂಧಿಕರು ಕೆಲಸ ಮಾಡಬಾರದು ಅನ್ನುವ ನಿಯಮ ಆ ವಿಶ್ವವಿದ್ಯಾಲಯದಲ್ಲಿದೆ. ಹಾಗಾಗಿ ಕಾಗದದ ಮೇಲೆ ಬ್ರಯಾನ್‌ನ ಮೇಲಧಿಕಾರಿ ಅಪ್ಪನಲ್ಲ, ಕ್ರೀಡಾ ವಿಭಾಗದ ನಿರ್ದೇಶಕರು. ಇದನ್ನು ಓದಿದಾಗ ನಾವು ಮೂವರೂ ಒಟ್ಟಿಗೆ ನಕ್ಕೆವು. ಅಧ್ಯಕ್ಷರ ಖುರ್ಚಿಯಲ್ಲಿ ಹೆಂಡತಿ, ಪಕ್ಕದ ಖುರ್ಚಿಯಲ್ಲಿ ಕೂತು ಮಾತಾಡುವವನು ಗಂಡ, ಇಂಥ ಪಂಚಾಯಿತಿ ಸಭೆಗಳ ವರದಿ ಬರೆದೇ ನಮ್ಮ ಕೈ ಸವೆದಿದೆ. ಕಾಗದಕ್ಕೇನು, ಅದು ಎಲ್ಲ ಕಡೆಯೂ ಸರಿಯಾಗಿಯೇ ಇರುತ್ತದೆ.

ಸಿಟ್ಟು ತಡೆಯಲಾಗದೆ ಬಂದದ್ದೇ ಆ 25 ಅಂಕದ ಕರಾರು. ಅದರಲ್ಲೊಂದು ತಮಾಷೆ ಇತ್ತು. ತಂಡಕ್ಕೆ ಬಂದ ಅಂಕ ಯಾರೇ ಗಳಿಸಿದ್ದಿರಲಿ, ಎಲ್ಲವೂ ಬ್ರಯಾನ್‌ನ ಖಾತೆಗೆ. ಡಿಫೆನ್ಸ್ ಹುಡುಗ ಎದುರಾಳಿಯ ಚೆಂಡು ಕಸಿದು ಓಡಿ ಟಚ್‌ಡೌನ್ ಮಾಡಿದರೂ ಅಫೆನ್ಸ್ ಕೋಚ್‌ನ ಲೆಕ್ಕಕ್ಕೆ ಜಮಾ.

ಇದು ನಮಗೆ ನೇರವಾಗಿ ತಾಗಿತು. ಅದೇ ವರ್ಷ ನಮ್ಮಲ್ಲೊಬ್ಬರಿಗೆ ಅವರ ಪತ್ರಿಕೆಯಿಂದ ರಾಜ್ಯೋತ್ಸವ ಪುರವಣಿಗೆ ಜಾಹೀರಾತಿನ ಟಾರ್ಗೆಟ್ ಬಂದಿತ್ತು. 2023 ಅಂದರೆ ನಿಮಗೆ ನೆನಪಿದೆ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ. ಹೊಲದಲ್ಲಿ ಜೋಳ ಮೊಣಕಾಲೆತ್ತರಕ್ಕೇ ಒಣಗಿ ನಿಂತಿತ್ತು. ಬರದ ಸುದ್ದಿ ಎಷ್ಟು ಊರಿಂದ ಬರೆದೆ ಅಂತ ಫೋನಿನಲ್ಲಿ ಯಾರೂ ಕೇಳಲಿಲ್ಲ. ಎಷ್ಟು ಕಾಲಂ ಸೆಂಟಿಮೀಟರ್ ಜಾಹೀರಾತು ಆಯಿತು ಅಂತ ಕೇಳಿದರು. ಬೀಜ-ಗೊಬ್ಬರದ ಅಂಗಡಿಯವರ ಮುಂದೆ, ಅವರಿಗೇ ಬಾಕಿ ವಸೂಲಾಗದ ಹೊತ್ತಿನಲ್ಲಿ, ಶುಭಾಶಯದ ಜಾಹೀರಾತಿಗೆ ಹಲ್ಲು ಕಿರಿದು ನಿಂತದ್ದಾಯಿತು. ಹಾಗೂ ಹೀಗೂ ಟಾರ್ಗೆಟ್ ಮುಟ್ಟಿದಾಗ ಅದು ಜಮೆಯಾದದ್ದು ಮೇಲಿನವರ ಹೆಸರಿಗೆ. ಹಾಗಾಗಿ 25ರ ಕರಾರು ಓದಿದಾಗ ಬ್ರಯಾನ್ ಮೇಲೆ ಸಿಟ್ಟಿನ ಜೊತೆ ಒಂಚೂರು ಕನಿಕರವೂ ಬಂತು, ಡಿಫೆನ್ಸ್ ಹುಡುಗರ ಮೇಲೆ ಅದಕ್ಕಿಂತ ಹೆಚ್ಚು.

ಅಭಿಮಾನಿಗಳು ವಾರ ವಾರ ಲೆಕ್ಕ ಇಟ್ಟರು, ನಾವೂ ಹಳೆಯ ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟೆವು. ಮೊದಲ ಪಂದ್ಯ ಯೂಟಾ ಸ್ಟೇಟ್ ವಿರುದ್ಧ, 24. ಒಂದೇ ಒಂದು ಕಡಿಮೆ! ಅಯೋವಾ ಸ್ಟೇಟ್ ವಿರುದ್ಧ 20, ಅದರಲ್ಲಿ ಡಿಫೆನ್ಸ್‌ನವರ ಟಚ್‌ಡೌನ್ ಒಂದು. ವೆಸ್ಟರ್ನ್ ಮಿಷಿಗನ್ ಮೇಲೆ 41, ಎಲ್ಲರೂ ಉಸಿರುಬಿಟ್ಟರು. ಮುಂದಿನ ವಾರ ಪೆನ್ ಸ್ಟೇಟ್ ವಿರುದ್ಧ ಸೊನ್ನೆ. ಆಮೇಲೆ 26, 20, 15. ಇದರ ನಡುವೆ ಮುಖ್ಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆಯುವ ಹುಡುಗ ಕೇಡ್ ಮೆಕ್‌ನಮಾರಾ ಮೊಣಕಾಲಿಗೆ ಪೆಟ್ಟಾಗಿ ವರ್ಷವಿಡೀ ಹೊರಗೆ ಕೂತ. ಅದನ್ನು ಹೇಳದಿದ್ದರೆ ಅನ್ಯಾಯ. ಆದರೆ ಅವನು ಬರುವ ಮುಂಚಿನ ವರ್ಷವೂ ಕಥೆ ಇದೇ ಆಗಿತ್ತಲ್ಲ.

ಅಕ್ಟೋಬರ್ 21ರ ಪಂದ್ಯ ಮಿನೆಸೋಟಾ ವಿರುದ್ಧ, ಸುಮಾರು 69 ಸಾವಿರ ಜನ ಹಿಡಿಸುವ ಕಿನ್ನಿಕ್ ಕ್ರೀಡಾಂಗಣದಲ್ಲಿ. ನಮಗಾಗ ಸರಿರಾತ್ರಿ. ದಿನವಿಡೀ ಹೊಲ ಸುತ್ತಿ ಬಂದ ದಣಿವು, ಮೊಬೈಲ್‌ನಲ್ಲಿ ಸ್ಕೋರ್ ಮಾತ್ರ ಓಡುತ್ತಿತ್ತು. ಎರಡನೇ ಅರ್ಧದಲ್ಲಿ ಅಯೋವಾದ ಅಫೆನ್ಸ್ ಗಳಿಸಿದ್ದು ಒಟ್ಟು 12 ಗಜ. ಅರ್ಧ ಪಂದ್ಯಕ್ಕೆ 12 ಗಜ, ಅಂದರೆ 36 ಅಡಿ! ನಮ್ಮ ರೂಮಿನ ಬಾಗಿಲಿಂದ ಚಹಾದ ಅಂಗಡಿಗೆ ಅದಕ್ಕಿಂತ ದೂರ. 12-10ರಿಂದ ಹಿಂದೆ ಬಿದ್ದಿದ್ದಾಗ, ಪಂದ್ಯ ಮುಗಿಯಲು ಒಂದೂವರೆ ನಿಮಿಷವೂ ಉಳಿದಿಲ್ಲದಾಗ, ಕೂಪರ್ ಡಿಜೀನ್ ಅನ್ನುವ ಹುಡುಗ ಮಿನೆಸೋಟಾದ ಪಂಟ್ ಎತ್ತಿಕೊಂಡು ಎಲ್ಲರನ್ನೂ ತಪ್ಪಿಸಿ ಗೆರೆ ದಾಟಿದ. ಅವನೂ ಡಿಫೆನ್ಸ್‌ನವನೇ. ನಾವು ಎದ್ದು ಕುಣಿದೆವು. ಆಮೇಲೆ ಅಂಪೈರ್‌ಗಳು ವಿಡಿಯೋ ನೋಡಿ, ಚೆಂಡು ಎತ್ತುವ ಮುಂಚೆ ಅವನು ಎಡಗೈ ಬೀಸಿದ್ದು ಓಡುವುದಿಲ್ಲ ಅನ್ನುವ ಸನ್ನೆಗೆ ಸಮ ಅಂತ ಹೇಳಿ ಟಚ್‌ಡೌನ್ ರದ್ದು ಮಾಡಿದರು. ಅಷ್ಟಾದರೂ ಚೆಂಡು ಅಯೋವಾದ ಕೈಯಲ್ಲೇ ಇತ್ತು, ಸ್ವಲ್ಪ ಮುಂದೆ ಸಾಗಿ ಒಂದು ಒದೆತಕ್ಕೆ ದಾರಿ ಮಾಡಿದ್ದರೆ ಸಾಕಿತ್ತು. ಆಗಲಿಲ್ಲ, ಎಸೆದ ಚೆಂಡು ಎದುರಾಳಿ ಕೈಗೆ ಹೋಯಿತು.

ಜನ ಬೈದದ್ದು ಅಂಪೈರ್‌ಗಳನ್ನು. ನಮ್ಮಲ್ಲೊಬ್ಬ ಮಾತ್ರ ಕತ್ತಲಲ್ಲೇ ಗೊಣಗಿದ: "ಹನ್ನೆರಡು ಗಜದವ್ರಿಗೆ ಅಂಪೈರ್ ಏನ್ ಮಾಡ್ಯಾನಲೇ." ನಮ್ಮ ಅಭಿಪ್ರಾಯವೂ ಅದೇ.

ಎಂಟು ಪಂದ್ಯಕ್ಕೆ 156 ಅಂಕ, ಸರಾಸರಿ 19.5. ಒಂಬತ್ತು ದಿನದ ನಂತರ, ಅಕ್ಟೋಬರ್ 30ರಂದು, ಹಂಗಾಮಿ ಕ್ರೀಡಾ ನಿರ್ದೇಶಕಿ ಬೆತ್ ಗೋಟ್ಜ್ ಒಂದು ಹೇಳಿಕೆ ಕೊಟ್ಟರು: ಬ್ರಯಾನ್‌ಗೆ ಇದೇ ಕೊನೆಯ ವರ್ಷ. ಹಿಂದಿನ ನಿರ್ದೇಶಕರು ನಿವೃತ್ತರಾಗಿದ್ದರು. ಅಪ್ಪ ತೆಗೆಯಲಾರದವನನ್ನು ಕೆಲವೇ ತಿಂಗಳ ಹಿಂದೆ ಖುರ್ಚಿಗೆ ಬಂದವರು ತೆಗೆದರು.

ಆಮೇಲಿನದೇ ವಿಚಿತ್ರ. ಹೊರಗೆ ಹೋಗಲಿರುವ ಕೋಚ್‌ನನ್ನೇ ಇಟ್ಟುಕೊಂಡು ತಂಡ ಮುಂದಿನ ನಾಲ್ಕೂ ಪಂದ್ಯ ಗೆದ್ದಿತು. ಗಳಿಸಿದ್ದು 10, 22, 15, 13. ಒಟ್ಟು 10 ಗೆಲುವು, ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ. ಆ ವರ್ಷ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರೋಯಲ್ಸ್ ಪ್ರಶಸ್ತಿ ಬಂದದ್ದೂ ಅಯೋವಾಕ್ಕೇ, ಡಿಫೆನ್ಸ್ ಕೋಚ್ ಫಿಲ್ ಪಾರ್ಕರ್‌ಗೆ. ಅದೇ ಮೈದಾನ, ಅದೇ ಮುಖ್ಯ ಕೋಚ್, ಒಂದು ಬೆಂಚಿಗೆ ಪ್ರಶಸ್ತಿ, ಪಕ್ಕದ ಬೆಂಚಿಗೆ ನೋಟಿಸು. ಟೋರಿ ಟೇಲರ್ ಆ ವರ್ಷ 93 ಸಲ ಪಂಟ್ ಮಾಡಿ 4,479 ಗಜ ಒದ್ದ. 1938ರಿಂದ ಯಾರೂ ಮುರಿಯದ ದಾಖಲೆ ಮುರಿಯಿತು. ಅವನ ಹೆಸರಲ್ಲಿ ಪಂಟ್ ಮಾಡುವುದೇ ಗೆಲ್ಲುವುದು ಅಂತ ಬರೆದ ಟೀ ಶರ್ಟುಗಳು ಮಾರಾಟವಾದವು. ಒಂದು ತಂಡದ ಪಂಟರ್ ದಾಖಲೆ ಮಾಡುತ್ತಾನೆಂದರೆ ಅದರ ಅಫೆನ್ಸ್ ಎಷ್ಟು ಸಲ ಕೈಚೆಲ್ಲಿರಬೇಕು, ನೀವೇ ಲೆಕ್ಕ ಹಾಕಿ.

ದೊಡ್ಡವರ ಎದುರು ಲೆಕ್ಕ ಬಯಲಾಯಿತು. ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಮಿಷಿಗನ್ ವಿರುದ್ಧ 0-26. ಹೊಸ ವರ್ಷದ ದಿನ ಸಿಟ್ರಸ್ ಬೌಲ್‌ನಲ್ಲಿ ಟೆನೆಸಿ ವಿರುದ್ಧ 0-35. ವರ್ಷದ ಸರಾಸರಿ 15.4ಕ್ಕೆ ಬಂದು ನಿಂತಿತು.

ಗೆಲ್ಲುವ ತಂಡವನ್ನು ಯಾಕೆ ಬೈಯುತ್ತೀರಿ ಅಂತ ಆ ಅಭಿಮಾನಿಗಳನ್ನು ಕೇಳಿದವರು ಬಹಳ. ನಮಗೆ ಆ ಪ್ರಶ್ನೆಯೇ ಸರಿ ಕಾಣಲಿಲ್ಲ. ಸೋತ ತಂಡವನ್ನು ಬೈಯುವುದು ಸುಲಭ. ಇವರ ಸಂಕಟ ಬೇರೆ. ಒಂದು ಪಾಲಿನ ಹುಡುಗರು ಮೈಮುರಿದು ತಂದ ಗೆಲುವನ್ನು ತೋರಿಸಿ, ಇನ್ನೊಂದು ಪಾಲಿನ ಕೆಲಸವೂ ಸರಿಯಾಗಿದೆ ಅಂತ ವರ್ಷಗಟ್ಟಲೆ ಹೇಳಿಸಿಕೊಳ್ಳಬೇಕಾದವರ ಸಂಕಟ. ಅಫೆನ್ಸ್‌ನ ಹುಡುಗರೂ ಕಾಲೇಜು ಹುಡುಗರೇ, ಹೇಳಿ ಕಳಿಸಿದ್ದನ್ನು ಆಡಿದವರು. ಅವರ ಅತ್ಯುತ್ತಮ ವರ್ಷಗಳು ನಡುವೆ ನುಗ್ಗಿ ಎರಡು ಗಜ, ನುಗ್ಗಿ ಒಂದು ಗಜ ಅಂತಲೇ ಕಳೆದವು.

2024ರಲ್ಲಿ ಟಿಮ್ ಲೆಸ್ಟರ್ ಅನ್ನುವವರು ಬ್ರಯಾನ್ ಜಾಗಕ್ಕೆ ಬಂದರು. ಕರ್ಕ್ ಅಲ್ಲೇ ಇದ್ದರು, ಫಿಲ್ ಪಾರ್ಕರ್ ಅಲ್ಲೇ ಇದ್ದರು. ಹಿಂದಿನ ವರ್ಷವೂ ಇದ್ದ ಕೇಲಬ್ ಜಾನ್ಸನ್ ಅನ್ನುವ ಹುಡುಗ ಈ ಸಲ 1,500 ಗಜಕ್ಕೂ ಹೆಚ್ಚು ಓಡಿದ. ತಂಡದ ಸರಾಸರಿ 27 ದಾಟಿತು, ಕರಾರಿನ 25ಕ್ಕಿಂತ ಮೇಲೆ. ಗೆಲುವು ಮಾತ್ರ 10ರಿಂದ 8ಕ್ಕೆ ಇಳಿಯಿತು.

ಈ ಎರಡರಲ್ಲಿ ಯಾವ ವರ್ಷ ಬೇಕು ಅಂತ ನಮ್ಮೊಳಗೇ ವಾದವಾಯಿತು. ಇಬ್ಬರು 2024 ಅಂದೆವು. ಮೂರನೆಯವನು ಒಪ್ಪಲಿಲ್ಲ. ಟೋರಿ ಟೇಲರ್ ಈಗ ಶಿಕಾಗೋ ಬೇರ್ಸ್ ತಂಡಕ್ಕೆ ಒದೆಯುತ್ತಾನೆ, ಇವನು ಜೋಳದ ರೇಟು ನೋಡಿದ ಮೇಲೆ ಆ ಸ್ಕೋರನ್ನೂ ನೋಡುತ್ತಾನೆ.