ಹರಕು ರೀಲಿನ ಸೊಗಸು

ಒಂದೇ ಟಿಕೀಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ಬಡವನ ಗಂಟು ಬಿಚ್ಚಬೇಕಾದರೆ ಮೇಲಿಷ್ಟು ಕೊಸರು ಹಾಕಬೇಕೆಂಬ ಸಂತೆಯ ಯುಕ್ತಿಯೇ ಅಲ್ಲಿಯೂ ನಡೆಯಿತು. ಮುಂದೆ ನ್ಯೂಯಾರ್ಕಿನ 42ನೆಯ ಬೀದಿಯಂತಹ ಕಡೆಗಳಲ್ಲಿ, ಬೀಸುವ ಕಲ್ಲು ತಿರುಗಿದಂತೆ ಬಿಡುವಿಲ್ಲದೆ ಅಗ್ಗದ ಚಿತ್ರಗಳನ್ನು ಓಡಿಸುವ ಮಂದಿರಗಳಿದ್ದುವು. ಅವಕ್ಕೆ ಗ್ರೈಂಡ್‌ಹೌಸ್ ಎಂದು ಹೆಸರು. ದೆವ್ವ, ರಕ್ತ, ಮೋಟಾರಿನ ಓಟ, ಹೆಣ್ಣಿನ ಮೈಮಾಟ, ಇವೇ ಅಲ್ಲಿಯ ಸರಕು. ಒಂದೇ ಪ್ರತಿ ಊರೂರು ಸುತ್ತಿ ಗೀರುಬಿದ್ದು, ತುಂಡಾಗಿ, ಅಂಟಿಸಿಕೊಂಡು ಮತ್ತೆ ತೆರೆಗೆ ಬರುತ್ತಿತ್ತು.

ಈ ಮಂದಿರಗಳಿಗೆ ಕಾಣಿಕೆಯಾಗಿ ಕ್ವೆಂಟಿನ್ ಟ್ಯಾರಂಟಿನೋ ಮತ್ತು ರಾಬರ್ಟ್ ರಾಡ್ರಿಗೆಜ್ ಎಂಬ ಇಬ್ಬರು ನಿರ್ದೇಶಕರು 2007ರ ಏಪ್ರಿಲಿನಲ್ಲಿ ‘ಗ್ರೈಂಡ್‌ಹೌಸ್’ ಎಂಬ ಜೋಡಿ ಚಿತ್ರವನ್ನು ಹೊರತಂದರು. ಮೊದಲನೆಯದು ರಾಡ್ರಿಗೆಜ್‌ರ ‘ಪ್ಲಾನೆಟ್ ಟೆರರ್’, ಎರಡನೆಯದು ಟ್ಯಾರಂಟಿನೋರ ‘ಡೆತ್ ಪ್ರೂಫ್’. ನಡುನಡುವೆ, ಇಲ್ಲದ ಚಿತ್ರಗಳ ಹುಸಿ ಜಾಹೀರಾತುಗಳು. ಎಲ್ಲ ಸೇರಿ 191 ನಿಮಿಷ. ಮಕ್ಕಳಿಗೆ ತೋರಿಸತಕ್ಕ ವಸ್ತುವಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ನಮ್ಮ ವಾಚಕರಲ್ಲಿ ವಿದ್ಯಾರ್ಥಿಗಳೂ ಇರುವರಷ್ಟೆ.

ನಮ್ಮನ್ನು ಕಾಡಿದ್ದು ಅದರ ರಕ್ತಪಾತವಲ್ಲ, ಅದರ ಗೀರುಗಳು. ‘ಪ್ಲಾನೆಟ್ ಟೆರರ್’ ಅನ್ನು ಡಿಜಿಟಲ್ ಕ್ಯಾಮರಾದಲ್ಲಿ ಶುಭ್ರವಾಗಿ ತೆಗೆದು, ಬಳಿಕ ಯಂತ್ರದ ಸಹಾಯದಿಂದ ಅದರ ಮೇಲೆ ಗೀರು, ಕಲೆ, ನಡುಕಗಳನ್ನು ಬರೆದರು. ಕಥೆ ಕಾವೇರಿದ ಘಳಿಗೆಯಲ್ಲಿ ತೆರೆಯ ಮೇಲೆ ‘ಒಂದು ರೀಲು ಕಾಣೆಯಾಗಿದೆ’ ಎಂಬ ಪ್ರಕಟಣೆ ಬರುತ್ತದೆ. ಮರಳಿ ಚಿತ್ರ ಹತ್ತಿಕೊಳ್ಳುವಾಗ ಮನೆಗೆ ಬೆಂಕಿ ಬಿದ್ದಿದೆ. ಪಾತ್ರಗಳಿಗೆ ಒಬ್ಬರ ಗುಟ್ಟು ಒಬ್ಬರಿಗೆ ತಿಳಿದಿದೆ. ನಮಗೆ ಮಾತ್ರ ತಿಳಿಯದು. ಇದರ ವಿನೋದ ನಮಗೆ ಬೇಗನೆ ಅರ್ಥವಾಯಿತು. ಹಿಂದಿನ ವರ್ಷದವರಿಂದ ಇಳಿದುಬಂದ ಪಠ್ಯಪುಸ್ತಕದಲ್ಲಿ ಕಥೆಯ ನಡುವಿನ ಎರಡು ಹಾಳೆ ಇರುವುದಿಲ್ಲ. ರಾಜ ಈ ಪುಟದಲ್ಲಿ ಅರಮನೆಯಲ್ಲಿದ್ದವನು ಮುಂದಿನ ಪುಟದಲ್ಲಿ ಕಾಡಿನಲ್ಲಿರುತ್ತಾನೆ. ಮಕ್ಕಳು ತಡವರಿಸದೆ ಅವನನ್ನು ಕಾಡಿಗೆ ಕಳಿಸಿಕೊಡುತ್ತಾರೆ. ಪ್ರತಿಯೊಬ್ಬರದೂ ಬೇರೆ ಬೇರೆ ದಾರಿ.

ಆದರೆ ಇಲ್ಲಿಯೇ ಒಂದು ಮುಳ್ಳು. ಇಲ್ಲದವನ ಹರಕು ಬೇರೆ, ಉಳ್ಳವನು ಹೊಲಿಸಿಕೊಂಡ ಹರಕು ಬೇರೆ. ಈ ಚಿತ್ರಕ್ಕೆ ತಗುಲಿದ ವೆಚ್ಚ ಐದು ಕೋಟಿ ಡಾಲರಿಗೂ ಮಿಗಿಲು. ರೋಜರ್ ಕೋರ್ಮನ್ 1960ರಲ್ಲಿ ತೆರೆಕಂಡ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ತೆಗೆದಾಗ, ಮತ್ತೊಂದು ಚಿತ್ರಕ್ಕಾಗಿ ಕಟ್ಟಿ ಉಳಿದಿದ್ದ ರಂಗಸಜ್ಜಿಕೆಯಲ್ಲಿ, ಮುಖ್ಯ ಭಾಗವನ್ನೆಲ್ಲ ಎರಡು ದಿನಗಳಲ್ಲಿ ಮುಗಿಸಿದರು. ಜಾರ್ಜ್ ರೊಮೆರೊ ಪಿಟ್ಸ್‌ಬರ್ಗಿನ ಕಡೆ ಗೆಳೆಯರೊಡಗೂಡಿ, 1968ರಲ್ಲಿ ತೆರೆಕಂಡ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಹೆಣಗಳ ಕಥೆಯನ್ನು ಕಪ್ಪು ಬಿಳುಪಿನಲ್ಲಿ ತೆಗೆದರು. ವೆಚ್ಚ ಒಂದು ಲಕ್ಷ ಡಾಲರಿಗೆ ತುಸು ಹೆಚ್ಚು. ರಕ್ತವಾಗಿ ಸುರಿದದ್ದು ಚಾಕೊಲೇಟು ಪಾಕ. ಹೆಸರು ಬದಲಿಸುವಾಗ ಹಕ್ಕಿನ ಸಾಲು ಬಿಟ್ಟುಹೋಗಿ, ಚಿತ್ರ ಊರವರ ಸ್ವತ್ತಾಯಿತು. ಅದರ ನಾಯಕನೊಬ್ಬ ಕರಿಯ. ಇರುಳೆಲ್ಲ ಹೆಣಗಳೊಡನೆ ಹೋರಾಡಿ ಉಳಿದವನನ್ನು ಬೆಳಗ್ಗೆ ಕೋವಿ ಹಿಡಿದು ಬಂದ ಬಿಳಿಯರು ಹೆಣವೆಂದೇ ಬಗೆದು ಹೊಡೆದು ಕೆಡಹುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್‌ರ ಕೊಲೆಯಾದ ವರ್ಷವದು. ಹಣವಂತರ ಸ್ಟುಡಿಯೊ ಆ ಕೊನೆಯನ್ನು ಹಾಗೆಯೇ ಬಿಡುತ್ತಿತ್ತೆಂದು ನಮಗೆ ತೋರದು.

ಹರಿದ ಪುಸ್ತಕ ಹೊಲಿದು ಪಾಠ ಹೇಳುವ ನಾವು, ಸ್ಟೆನ್ಸಿಲು ಸರಿಯಾಗಿ ಕೂಡದೆ ಒಂದು ಪುಟ ಮಸಿ ಮೆತ್ತಿ ಇನ್ನೊಂದು ಪುಟ ಬಿಳಚಿಕೊಂಡ ಈ ಪತ್ರಿಕೆಯನ್ನು ಓದುವ ನಾವು, ಗೀರುಗಳನ್ನು ಬೆಲೆ ಕೊಟ್ಟು ಕೊಳ್ಳುವವರನ್ನು ಕಂಡು ಸ್ವಲ್ಪ ಸಿಟ್ಟಾದರೆ ತಪ್ಪೇನು? ಮಸಿ ಮೆತ್ತಲೆಂದು ನಮ್ಮಲ್ಲಿ ಯಾರೂ ಬಯಸಿದ್ದಿಲ್ಲ.

ಸಿಟ್ಟನ್ನು ಇಳಿಸಿದ್ದು ‘ಡೆತ್ ಪ್ರೂಫ್’. ಅದರಲ್ಲಿ ಕರ್ಟ್ ರಸೆಲ್ ತನ್ನ ಮೋಟಾರಿನಿಂದಲೇ ಹೆಣ್ಣುಮಕ್ಕಳನ್ನು ಕೊಲ್ಲುವ ಸಾಹಸಗಾರ. ಹಳೆಯ ಚಿತ್ರಗಳಲ್ಲಿ ಹೆಣ್ಣಿಗೆ ಕಿರಿಚುವುದೇ ಕೆಲಸ. ಇಲ್ಲಿ ಉತ್ತರಾರ್ಧದಲ್ಲಿ ಮೂವರು ಹೆಣ್ಣುಮಕ್ಕಳು ತಿರುಗಿಬಿದ್ದು ಅವನನ್ನೇ ಅಟ್ಟಿಕೊಂಡು ಹೋಗುತ್ತಾರೆ. ಓಡುವ ಕಾರಿನ ಮೂತಿಯ ಮೇಲೆ ಬೆಲ್ಟುಗಳನ್ನು ಹಿಡಿದು ಮಲಗಿದವಳು ಜೋಯಿ ಬೆಲ್, ನ್ಯೂಜಿಲೆಂಡಿನವಳು. ‘ಕಿಲ್ ಬಿಲ್’ ಚಿತ್ರದಲ್ಲಿ ನಾಯಕಿಯ ಬದಲು ಬಿದ್ದು ಎದ್ದವಳು ಇವಳೇ. ಅಲ್ಲಿ ಮುಖ ಕಾಣಿಸಲಿಲ್ಲ. ಇಲ್ಲಿ ತನ್ನ ಹೆಸರಿನಲ್ಲಿಯೇ, ಮುಖ ತೋರಿಸಿ, ತನ್ನ ಕಸುಬನ್ನು ತಾನು ಮಾಡುತ್ತಾಳೆ. ಆ ಹತ್ತಿಪ್ಪತ್ತು ನಿಮಿಷಗಳಲ್ಲಿ ಹುಸಿ ಗೀರುಗಳ ನೆನಪೇ ನಮಗೆ ಬರಲಿಲ್ಲ.

ಚಿತ್ರ ಸೋತಿತು. ಅಮೆರಿಕದಲ್ಲಿ ಗಳಿಸಿದ್ದು ಸುಮಾರು ಎರಡೂವರೆ ಕೋಟಿ ಡಾಲರು. ಮೊದಲ ಚಿತ್ರ ಮುಗಿದೊಡನೆ ಆಟವೇ ಮುಗಿಯಿತೆಂದು ಎದ್ದುಹೋದ ಪ್ರೇಕ್ಷಕರೂ ಇದ್ದರೆಂದು ಆಗ ಸುದ್ದಿಯಾಯಿತು; ಕೊಸರಿನ ರೂಢಿ ತಪ್ಪಿದ ಜನ! ಹೊರದೇಶಗಳಲ್ಲಿ ಅನೇಕ ಕಡೆ ಎರಡನ್ನೂ ಬಿಡಿಸಿ ಬೇರೆ ಬೇರೆ ಟಿಕೀಟಿಗೆ ಮಾರಿದರು.

ಉಳಿದುಕೊಂಡವು ಹುಸಿ ಜಾಹೀರಾತುಗಳೇ. ‘ಮಚೆಟೆ’ 2010ರಲ್ಲಿ ನಿಜವಾದ ಚಿತ್ರವಾಯಿತು, ‘ಥ್ಯಾಂಕ್ಸ್‌ಗಿವಿಂಗ್’ 2023ರಲ್ಲಿ. ಎಡ್ಗರ್ ರೈಟ್‌ರ ‘ಡೋಂಟ್’ ಜಾಹೀರಾತಾಗಿಯೇ ಇದೆ. ಬಾಗಿಲು ತೆರೆಯಬೇಡ, ಕೆಳಗಿಳಿಯಬೇಡ ಎಂದು ಎಚ್ಚರಿಸುವುದಷ್ಟೇ ಅದರ ಕಥೆ. ಅದು ಹಾಗೆಯೇ ಇರಲೆಂದು ನಮ್ಮ ಆಸೆ. ಆ ಬಾಗಿಲ ಹಿಂದೆ ಏನಿದೆಯೆಂದು ನಾವು ಈಗಾಗಲೇ ಮೂರು ಬಗೆಯಾಗಿ ಊಹಿಸಿಕೊಂಡಿದ್ದೇವೆ.