ಕೆಂಪು ಚಟ್ನಿಯ ವಂಶಾವಳಿ

ಬಾತಿಯವರಿಗೆ ತಮ್ಮ ಊರು ಯಾವುದೆಂದು ಹೇಳುವುದು ಅಷ್ಟು ಸಲೀಸಲ್ಲ. ಬೆಂಗಳೂರಿನವರು ಕೇಳಿದರೆ ‘ದಾವಣಗೆರೆ’ ಅಂತೀವಿ. ಹುಬ್ಬಳ್ಳಿ ಕಡೆಯವರು ಕೇಳಿದರೆ ‘ಹರಿಹರದ ಹತ್ರ’. ಎರಡರಿಂದಲೂ ಸಮಾಧಾನವಾಗದವರಿಗೆ ‘ಪಿ.ಬಿ. ರಸ್ತೆ ಪಕ್ಕ ದೊಡ್ಡ ಕೆರೆ ಇದೆಯಲ್ಲ’ ಅಂದರೆ ಸಾಕು, ‘ಓಹೋ, ಬಾತಿ ಕೆರೆ!’ ಎಂದು ಮುಖ ಅರಳುತ್ತದೆ. ಆಮೇಲೆ ಹಳೇಬಾತಿಯೋ ದೊಡ್ಡಬಾತಿಯೋ ಎಂಬ ಉಪಪ್ರಶ್ನೆ. ಹೀಗೆ ಮೂಲದ ವಿಚಾರದಲ್ಲೇ ಗೊಂದಲವಿರುವ ಊರಿನವನಾದ ನಾನು ನಮ್ಮ ಮನೆಯ ಚಟ್ನಿಯ ಮೂಲ ಕೆದಕಲು ಹೋಗಬಾರದಿತ್ತೇನೋ.

ಕೆದಕುವಂತೆ ಮಾಡಿದ್ದು ಹಿತ್ತಲ ಟೊಮ್ಯಾಟೊ. ಪೇಟೆಯ ಹಣ್ಣು ಲಾರಿ ಪ್ರಯಾಣ ತಾಳಲೆಂದು ಅರೆಗಾಯಿಯಲ್ಲೇ ಕಿತ್ತದ್ದು. ದಪ್ಪ ಸಿಪ್ಪೆ, ಹುಳಿಯೂ ಇಲ್ಲ, ಸಿಹಿಯೂ ಇಲ್ಲ. ಹಿತ್ತಲದ್ದು ಬಳ್ಳಿಯಲ್ಲೇ ಕೆಂಪಾಗಿ, ಮುಟ್ಟಿದರೆ ಒಡೆಯುವಂತಿರುತ್ತದೆ. ಅದನ್ನು ಫ್ರಿಜ್ಜಿನಲ್ಲಿಟ್ಟರೆ ಪರಿಮಳ ಸಾಯುತ್ತದೆ, ಹೊರಗಿಟ್ಟರೆ ನಾಲ್ಕು ದಿನಕ್ಕೆ ಕೊಳೆಯುತ್ತದೆ. ಆದ್ದರಿಂದ ಬುಟ್ಟಿ ತುಂಬಿದ ದಿನವೇ ನಮ್ಮಲ್ಲಿ ಚಟ್ನಿ.

ನನ್ನ ಹೆಂಡತಿಯ ಕ್ರಮ ಇದು. ಶೇಂಗಾ ಎಣ್ಣೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಗರಿಗರಿಯಾಗಿ ಹುರಿದು ತೆಗೆದಿಡಬೇಕು. ಅದೇ ಎಣ್ಣೆಗೆ ಬೆಳ್ಳುಳ್ಳಿ, ಮೇಲೆ ಹೆಚ್ಚಿದ ಟೊಮ್ಯಾಟೊ. ನೀರೆಲ್ಲ ಇಂಗಿ ಎಣ್ಣೆ ಅಂಚಿಗೆ ಬಿಡುವ ತನಕ ಅವಸರ ಮಾಡುವಂತಿಲ್ಲ. ಚೂರು ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು. ಒಳಕಲ್ಲಿನಲ್ಲಿ ತರಿತರಿಯಾಗಿ ರುಬ್ಬಿ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ. ಜೋಳದ ರೊಟ್ಟಿಯ ಮೇಲೆ ಇದನ್ನು ಹಾಕಿಕೊಂಡು ತಿಂದವರೆಲ್ಲ ಹೇಳುವುದು ಒಂದೇ ಮಾತು: ‘ಇದಪ್ಪಾ, ನಮ್ಮ ನೆಲದ ರುಚಿ!’

ಆ ನೆಲ ಎಲ್ಲೆಲ್ಲಿ ಹರಡಿದೆ ಎಂದು ನೋಡಹೋದೆ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಕೊಲಂಬಸ್ 1492ರಲ್ಲಿ ಅತ್ತ ಹೋಗಿರದಿದ್ದರೆ, ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದು ಕೂತಿರದಿದ್ದರೆ, ನಮಗೆ ಖಾರವೆಂದರೆ ಇವತ್ತಿಗೂ ಕಾಳುಮೆಣಸೇ. ಕಾಳುಮೆಣಸಿಗೆ ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು. ಬಯಲುಸೀಮೆಯವನು ಅದನ್ನು ದುಡ್ಡು ಕೊಟ್ಟೇ ತರಬೇಕಿತ್ತು. ಮೆಣಸಿನಕಾಯಿಗೋ ಹಿತ್ತಲ ಮೂಲೆ ಸಾಕು. ಬೀಜ ಬಿತ್ತುವ ಕೆಲಸವನ್ನು ಹಕ್ಕಿಗಳೂ ಮಾಡಿಕೊಡುತ್ತವೆ, ಏಕೆಂದರೆ ಅವುಗಳ ನಾಲಿಗೆಗೆ ಖಾರ ತಾಗುವುದೇ ಇಲ್ಲ. ನಮ್ಮ ಗೋಡೆ ಪಕ್ಕದ ಗಿಡದಲ್ಲಿ ಗಿಳಿಗಳು ಹಸಿಮೆಣಸಿನಕಾಯಿಯನ್ನು ನಾವು ಸೌತೆಕಾಯಿ ತಿನ್ನುವ ಹಾಗೆ ತಿಂದು ಹೋಗುತ್ತವೆ. ಖಾರವನ್ನು ಬಡವರ ಮನೆಗೆ ತಂದ ಈ ಗಿಡ ಬಲು ಬೇಗ ನೆಂಟಸ್ತನ ಬೆಳೆಸಿತು. ಇದೇ ರಸ್ತೆಯಲ್ಲಿ ಹರಿಹರ, ರಾಣೆಬೆನ್ನೂರು ದಾಟಿ ಹೋದರೆ ಸಿಗುವ ಬ್ಯಾಡಗಿಯ ಹೆಸರನ್ನೇ ಹೊತ್ತು, 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟವನ್ನೂ ಗಿಟ್ಟಿಸಿತು. ಬಣ್ಣ ಜಾಸ್ತಿ, ಖಾರ ಕಮ್ಮಿ. ಸುಕ್ಕುಸುಕ್ಕಾದ ಅದರ ಮೈಯಿಂದ ತೆಗೆದ ಕೆಂಪು ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ಟೊಮ್ಯಾಟೊದ ತವರೂ ಅದೇ ಖಂಡ. ಆದರೆ ಮೆಣಸಿನಕಾಯಿಗೆ ಸಿಕ್ಕ ಸ್ವಾಗತ ಅದಕ್ಕೆ ಸಿಗಲಿಲ್ಲ. ಯುರೋಪಿನಲ್ಲೇ ಬಹಳ ಕಾಲ ಅದನ್ನು ವಿಷದ ಹಣ್ಣೆಂದು ಅನುಮಾನಿಸಿ, ಅಂದಕ್ಕೆಂದು ಬೆಳೆಸಿದರು. ನಮ್ಮಲ್ಲಿ ಬ್ರಿಟಿಷರ ಕಾಲದಲ್ಲಿ ಅದು ಅಡುಗೆಮನೆಯ ಬಾಗಿಲಿಗೆ ಬಂದಾಗ ಹುಳಿಯ ಜಾಗ ಖಾಲಿ ಇರಲಿಲ್ಲ. ರಸ್ತೆ ಬದಿಯ ಮರದಲ್ಲಿ ಬಿಟ್ಟು, ಒಣಗಿಸಿಟ್ಟರೆ ವರ್ಷವಿಡೀ ಬಾಳುವ ಹುಣಸೆ, ಹರಿಹರದ ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಹಿರಿಯರಂತೆ, ಸೀಟು ಬಿಡಲಿಲ್ಲ. ವಾರಕ್ಕೇ ಕೊಳೆಯುವ ಹಣ್ಣು ಅದರ ಮುಂದೆ ಏನು ವಾದ ಮಾಡೀತು? ಪಕ್ಕದಲ್ಲೇ ನಿಂತು ಪ್ರಯಾಣ ಮಾಡಿತು. ಇವತ್ತಿಗೂ ನನ್ನ ಹೆಂಡತಿ ಬುಟ್ಟಿಗಟ್ಟಲೆ ಟೊಮ್ಯಾಟೊ ಹಾಕಿದರೂ ಚೂರು ಹುಣಸೆ ಹಾಕದೆ ಬಿಡುವುದಿಲ್ಲ. ‘ಹುಳಿ ಸಾಕಲ್ಲ?’ ಅಂದರೆ, ‘ಅದರ ಹುಳಿ ಬೇರೆ, ಇದರ ಹುಳಿ ಬೇರೆ’ ಅನ್ನುತ್ತಾಳೆ. ಕೆಲವು ಸಂಪ್ರದಾಯದ ಮನೆಗಳಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ, ಟೊಮ್ಯಾಟೊ ಎರಡೂ ಈಗಲೂ ವರ್ಜ್ಯ; ಖಾರಕ್ಕೆ ಕಾಳುಮೆಣಸೇ. ಬದುಕಿರುವವರ ಬಾಯಿ ಹೊಸಬರಿಗೆ ಒಗ್ಗಿಕೊಂಡಿತು, ಪಿತೃಗಳಿಗೆ ಮಾತ್ರ ಅವರ ಕಾಲದ ರುಚಿಯನ್ನೇ ಬಡಿಸುತ್ತೇವೆ.

ಸೀಟು ಬಿಡದ ಹುಣಸೆಯಾದರೂ ಇಲ್ಲಿಯದೇ ಅಂದುಕೊಂಡರೆ, ಅದು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು. ರೊಟ್ಟಿಯ ಜೋಳವೂ ಅಲ್ಲಿನದೇ. ಶೇಂಗಾ ದಕ್ಷಿಣ ಅಮೆರಿಕದ್ದು, ಬೆಳ್ಳುಳ್ಳಿ ಮಧ್ಯ ಏಷ್ಯಾದ್ದು, ಜೀರಿಗೆ ಪಶ್ಚಿಮದಿಂದ ಬಂದದ್ದು, ಇಂಗು ಇರಾನ್, ಅಫ್ಘಾನಿಸ್ತಾನಗಳದ್ದು. ಕಬ್ಬಿನ ಮೂಲ ನ್ಯೂಗಿನಿ. ಹೀಗೆ ಒಂದೊಂದನ್ನೇ ಅವರವರ ಊರಿಗೆ ಕಳಿಸಿಕೊಟ್ಟರೆ ಒಳಕಲ್ಲಿನಲ್ಲಿ ಉಳಿಯುವುದು ಉಪ್ಪು, ಗುಂಡು, ಮತ್ತು ನನ್ನ ಹೆಂಡತಿಯ ಸಿಟ್ಟು.

ಇಷ್ಟು ಜನ ಎಲ್ಲೆಲ್ಲಿಂದಲೋ ಬಂದು, ಕೆಲವರು ಸೀಟು ಹಿಡಿದು, ಕೆಲವರು ನಿಂತು, ಒಟ್ಟಿಗೆ ರುಬ್ಬಿಸಿಕೊಂಡ ಮೇಲೆಯೇ ನಮ್ಮ ನೆಲದ ರುಚಿ ಆಗಿದ್ದು. ಖಾರ ನೆತ್ತಿಗೇರಿದರೆ ನೀರು ಕುಡಿಯಬೇಡಿ. ಮೆಣಸಿನಕಾಯಿಯ ಖಾರ ನೀರಿಗೆ ಜಗ್ಗದು, ಜಿಡ್ಡಿನಲ್ಲಿ ಕರಗುತ್ತದೆ. ದಾವಣಗೆರೆ ಪಕ್ಕದಲ್ಲೇ ಇದ್ದುಕೊಂಡು ನಮಗೆ ಬೆಣ್ಣೆಗೇನು ಬರ?

ಅಂದಹಾಗೆ, ಈ ಬಾಣಲೆಯಲ್ಲಿ ಹಡಗು ಹತ್ತದೆ, ಕಣಿವೆ ದಾಟದೆ, ಮೊದಲಿನಿಂದಲೂ ಇಲ್ಲಿಯೇ ಇದ್ದದ್ದು ಒಂದಿದೆ: ಕರಿಬೇವು. ನೆಲದ ಮಕ್ಕಳು ಯಾರೆಂದು ಜೋರಾಗಿ ವಾದಿಸುವ ನಾವು ಊಟ ಮುಗಿಸುವಾಗ ಆರಿಸಿ ತಟ್ಟೆಯ ಅಂಚಿಗಿಡುವುದು ಅದೊಂದನ್ನೇ.