ಮೀನಿಗೇಕೆ ಗರಿಯ ಸಿಂಗಾರ?

ಗರಿ, ರೇಷ್ಮೆ ದಾರ, ಹೊಳೆಯುವ ಜರಿ ಎಂದರೆ ನಾವು ಹೆಂಗಸರಿಗೆ ಕಸೂತಿಯೇ ನೆನಪಾದೀತು. ಆದರೆ ಇದು ಸಾಲ್ಮನ್ ಮೀನು ಹಿಡಿಯಲು ಗಾಳದ ಕೊಕ್ಕೆಗೆ ಕಟ್ಟುವ ಬಣ್ಣದ ನೊಣ! ಯಾವ ನೊಣಕ್ಕೆ ಯಾವ ಹಕ್ಕಿಯ ಗರಿ ಎಂಬುದನ್ನು ಇಂಗ್ಲೆಂಡಿನ ಜಾರ್ಜ್ ಕೆಲ್ಸನ್ 1895ರಲ್ಲೇ ಪುಸ್ತಕ ಮಾಡಿಟ್ಟ. ಅದನ್ನು ಮುಂದಿಟ್ಟುಕೊಂಡು ಎಳೆ ಎಳೆಯಾಗಿ ಕಟ್ಟುವವರು ಇಂದಿಗೂ ಇದ್ದಾರೆ.

ತಮಾಷೆಯೆಂದರೆ, ಮೊಟ್ಟೆಯಿಡಲು ಹೊಳೆಗೆ ಮರಳಿದ ಸಾಲ್ಮನ್‌ಗೆ ಹೆಚ್ಚುಕಡಿಮೆ ಉಪವಾಸವೇ. ಹಾಗಾದರೆ ಇಷ್ಟು ಸಿಂಗಾರ ಯಾರ ಕಣ್ಣಿಗೆ?

‘ಜಾಕ್ ಸ್ಕಾಟ್’ ಎಂಬ ಹೆಸರಾಂತ ನೊಣದ ಎರಡೂ ಬದಿಗೆ ಕೂರಿಸುವುದು ಬೂದು ಕಾಡುಕೋಳಿಯ ಕುತ್ತಿಗೆಯ ಗರಿ. ಅರಗು ತೊಟ್ಟಿಕ್ಕಿಸಿದಂಥ ಚುಕ್ಕೆ ಅದರ ಮೇಲೆ. ನಮ್ಮ ಪಶ್ಚಿಮಘಟ್ಟದ ಹಕ್ಕಿ ಅದು! ಮಲೆನಾಡಿನಲ್ಲಿ ಹುಟ್ಟಿದ ನನಗೆ ಅದರ ಬೆಳಗಿನ ಕೂಗು ಚೆನ್ನಾಗಿ ಗೊತ್ತು. ನಮ್ಮೂರ ಗರಿ ಅಷ್ಟು ದೂರ ಹೋಯಿತಲ್ಲ ಎಂದು ಹಿಗ್ಗಿದ ಮನಸ್ಸು ಮರುಗಳಿಗೆಯೇ ಮುದುಡಿತು. ಗರಿ ಹೋದದ್ದು ಹಕ್ಕಿಯ ಜೀವ ಹೋದ ಮೇಲೆ. ಇಂದು ಅದರ ಬೇಟೆ ಅಪರಾಧ.

ಸ್ಕಾಟ್ಲೆಂಡಿನ ಮೇಗನ್ ಬಾಯ್ಡ್ (1915–2001) ಸುಮಾರು ಅರ್ಧ ಶತಮಾನ ಸಾಲ್ಮನ್ ನೊಣ ಕಟ್ಟಿದಾಕೆ. 1971ರಲ್ಲಿ ಬ್ರಿಟನ್ನಿನ ಪದಕವೂ ಬಂತು. ಆದರೆ ಆಕೆ ಗಾಳ ಹಾಕಿದವಳೇ ಅಲ್ಲ. ಮೀನು ಕೊಲ್ಲಲು ಮನಸ್ಸಿರಲಿಲ್ಲವಂತೆ. ಅವಳು ಕಟ್ಟಿದ ಕೊಕ್ಕೆಗೆ ಎಷ್ಟು ಮೀನು ಸಿಕ್ಕವೋ!

“ಇದೆಂಥ ದಯೆ?” ಎಂದು ಕೇಳಬಹುದು. ಆದರೆ ಹುಳುವನ್ನು ಬೇಯಿಸಿ ತೆಗೆದ ನೂಲಿನ ಸೀರೆಯುಟ್ಟು, ಹಬ್ಬದ ದಿನ ಕನ್ನಡಿಯ ಮುಂದೆ ನಿಲ್ಲುವ ನನಗೆ ಆ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ.